ಗಡಿಯಾರದೊಳಗಿನ ಕ್ಯಾಮೆರಾ

ದೇವಿರಮ್ಮ ಮೂವತ್ತೊಂದು ವರ್ಷ ಆತಗೂರು ಸುತ್ತಿನ ಹಳ್ಳಿಗಳಲ್ಲಿ ಸರ್ಕಾರಿ ನರ್ಸಾಗಿ ಹೆರಿಗೆ ಮಾಡಿಸಿದವರು. ಮದುವೆಯಾಗಲಿಲ್ಲ. ನಿವೃತ್ತಿಯಾದ ಆರನೇ ವರ್ಷ ಸೊಂಟದ ಮೂಳೆ ಮುರಿದಾಗ, ಯಾರ ಮನೆಗೂ ಹೋಗದೆ, ನಿಡಘಟ್ಟದ ಹತ್ತಿರದ ಒಂದು ಆರೈಕೆ ಮನೆಗೆ ತಾವೇ ಅರ್ಜಿ ಬರೆದು ಸೇರಿದರು. ಸಿಕ್ಕಿದ್ದು ಇಬ್ಬರಿರುವ ಕೋಣೆ. ಪಕ್ಕದ ಮಂಚದಲ್ಲಿ ಪೂರಿಗಾಲಿಯ ಮಂಗಳಮ್ಮ. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಬುದ್ಧಿ ಮಾತ್ರ ನೆಟ್ಟಗಿತ್ತು.

ಹೋದ ವರ್ಷ ಯುಗಾದಿ ಕಳೆದ ಮೇಲೆ ಮಂಗಳಮ್ಮನ ತೋಳಿನಲ್ಲಿ ನೀಲಿ ಗುರುತುಗಳು ಕಾಣತೊಡಗಿದವು. ಕೇಳಿದರೆ ಆಕೆ ತಲೆ ಅಲ್ಲಾಡಿಸುತ್ತಿದ್ದರು, ಅಷ್ಟೆ. ದೇವಿರಮ್ಮನ ಅನುಮಾನ ಆಯಾ ನಾಗಮಣಿಯ ಮೇಲೆ ಹೋಯಿತು. ಆಕೆ ಒಳಗೆ ಬಂದಾಗಲೆಲ್ಲ ಕಣ್ಣು ಕೀಲಿಸಿ ಕೂರುತ್ತಿದ್ದರು.

“ಯಾಕಮ್ಮ ಅಂಗ್ ನೋಡ್ತೀರಿ? ನಾನೇನ್ ಒಡೀತೀನಾ?” ಎಂದಳು ನಾಗಮಣಿ ಒಂದು ದಿನ.

ಮಂಗಳಮ್ಮನ ಮಗ ಶಿವರಾಜು ಮಂಡ್ಯದ ಹೈಸ್ಕೂಲೊಂದರಲ್ಲಿ ಗುಮಾಸ್ತ. ಭಾನುವಾರ ಬಂದವನು ಗುರುತು ನೋಡಿದ, ಏನೂ ಕೇಳಲಿಲ್ಲ. ಮುಂದಿನ ವಾರ ಗೋಡೆ ಗಡಿಯಾರ ತಂದು, ತಾಯಿಗೆ ಸರಿಯಾಗಿ ಕಾಣದ ಮೂಲೆಯಲ್ಲಿ ಮೊಳೆ ಹೊಡೆದು ಹೋದ.

ಎರಡು ದಿನದ ಮೇಲೆ ಅವನು ದೇವಿರಮ್ಮನಿಗೆ ಫೋನು ಮಾಡಿದ. “ಅಮ್ಮ ಬೆಳಿಗ್ಗೆ ಗಂಜಿ ಬುಟ್ರಲ್ಲಾ, ಉಸಾರಿಲ್ವಾ?” ಗಂಜಿ ಬಿಟ್ಟದ್ದನ್ನು ಕಂಡವರು ಇಬ್ಬರೇ, ದೇವಿರಮ್ಮ ಮತ್ತು ನಾಗಮಣಿ. ನಾಗಮಣಿಯನ್ನು ವಿಚಾರಿಸಿದರೆ, ತಾನು ಯಾರಿಗೂ ಹೇಳಿಲ್ಲವೆಂದಳು. ಸೊಂಟ ಕೂಡಿ ಕೋಲೂರಿ ಓಡಾಡುವಷ್ಟು ಚೇತರಿಸಿಕೊಂಡಿದ್ದ ದೇವಿರಮ್ಮ ಸ್ಟೂಲು ಹತ್ತಿ ಗಡಿಯಾರ ನೋಡಿದರು. ಆರರ ಅಂಕಿಯ ಕೆಳಗೆ ಸಾಸಿವೆಯಷ್ಟು ಕಪ್ಪು ತೂತು. ದಿಂಬಿನ ಕವರು ತೊಡಿಸಿ ಕೆಳಗಿಳಿದರು. ಹತ್ತು ನಿಮಿಷದೊಳಗೆ ಮೇಲ್ವಿಚಾರಕ ಬಾಗಿಲಿಗೆ ಬಂದ: “ಗಡಿಯಾರ ಕೆಟ್ಟದಾ ಅಂತ ಶಿವರಾಜು ಫೋನ್ ಮಾಡಿ ಕೇಳ್ತಾವ್ರೆ.”

ಎರಡು ದಿನದಿಂದ ದೇವಿರಮ್ಮ ಸೀರೆ ಬದಲಾಯಿಸಿದ್ದು ಅದೇ ಗೋಡೆಯೆದುರು.

ಮರುದಿನ ಬಸ್ಸು ಹತ್ತಿ ಮದ್ದೂರು ಕೋರ್ಟಿನ ಬಳಿ ವಕೀಲೆ ಮಂಜುಶ್ರೀಯನ್ನು ಕಂಡರು.

“ಇಂಥ ಕೋಣೆಗಳ ಕ್ಯಾಮೆರಾಗೆ ಅಂತಲೇ ಬೇರೆ ಕಾನೂನು ನಮ್ಮಲ್ಲಿಲ್ಲ,” ಎಂದಳು ಮಂಜುಶ್ರೀ. “ಆದ್ರೆ ಖಾಸಗಿತನ ಮೂಲಭೂತ ಹಕ್ಕು. ಹೆಂಗಸು ಬಟ್ಟೆ ಬದಲಾಯಿಸೋದನ್ನ ಒಪ್ಪಿಗೆ ಇಲ್ದೆ ಬೇಕಂತ ಸೆರೆಹಿಡಿದ್ರೆ ಅಪರಾಧ. ಆಸ್ಪತ್ರೆಯಾಗ್ಲಿ ಆಶ್ರಮವಾಗ್ಲಿ, ಕೋಣೇಲಿರೋ ಇಬ್ರನ್ನೂ ಕೇಳ್ಬೇಕಿತ್ತು. ದೂರು ಬರೀಲಾ?”

“ಮೊದ್ಲು ಅವನನ್ನ ಕೇಳ್ತೀನಿ. ಆಮೇಲೆ ಬರಿ.”

ಭಾನುವಾರ ಶಿವರಾಜು ಬಂದಾಗ ಮೇಲ್ವಿಚಾರಕನನ್ನೂ ನಾಗಮಣಿಯನ್ನೂ ಕರೆಸಿ ಬಾಗಿಲು ಹಾಕಿದರು.

“ಅಮ್ಮಂಗೆ ಯಾರೋ ಒಡೀತಾವ್ರೆ ಅಂತ ಇಟ್ಟೆ,” ಎಂದ ಶಿವರಾಜು ದೇವಿರಮ್ಮನಿಗೆ. “ನಿಜ ಏಳ್ಬೇಕು ಅಂದ್ರೆ ನಿಮ್ ಮೇಲೂ ಡೌಟಿತ್ತು.”

ಮೊಬೈಲಿನಲ್ಲಿ ಕ್ಯಾಮೆರಾ ಹಿಡಿದ ಚಿತ್ರ ತೋರಿಸಿದ. ಯಾರೂ ಹೊಡೆದಿರಲಿಲ್ಲ. ನಾಗಮಣಿ ಒಬ್ಬಳೇ, ಗಡಿಬಿಡಿಯಲ್ಲಿ, ಮಂಗಳಮ್ಮನ ತೋಳು ಹಿಡಿದು ಎಳೆದು ಕೂರಿಸುತ್ತಿದ್ದಳು.

“ಅದಿಮೂರ್ ಜನಕ್ಕೆ ನಾನೊಬ್ಳೆ ಕಣಣ್ಣ. ಇನ್ನೆಂಗ್ ಎತ್ಲಿ?” ಎಂದು ನಾಗಮಣಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ದೇವಿರಮ್ಮ ಮಂಗಳಮ್ಮನ ಕಡೆ ತಿರುಗಿದರು. “ನಿಂಗೆ ಬೇಕೇನಮ್ಮ ಈ ಕ್ಯಾಮೆರಾ?”

“ಬ್ಯಾಡ,” ಎಂದರು ಮಂಗಳಮ್ಮ, ತಡೆತಡೆದು. “ಉಚ್ಚೆ ಬಟ್ಟೆ ಬದ್ಲಾಯ್ಸಾದ್ನ... ಮಗ ನೋಡಾದಾ?”

ಶಿವರಾಜು ಗಡಿಯಾರ ಇಳಿಸಿ ಚೀಲಕ್ಕೆ ಹಾಕಿದ. ಎಲ್ಲರೆದುರೇ ಚಿತ್ರ ಅಳಿಸಿ, ಬೇರೆಲ್ಲೂ ಇಲ್ಲವೆಂದು ದೇವಿರಮ್ಮ ಹೇಳಿದಂತೆ ಬರೆದು ಸಹಿ ಹಾಕಿದ. ಅವರು ದೂರು ಕೊಡಲಿಲ್ಲ.

ಮುಂದಿನ ವಾರದಿಂದ ಬೆಳಗಿನ ಪಾಳಿಗೆ ಮೇಲ್ವಿಚಾರಕ ಇನ್ನೊಬ್ಬ ಆಯಾಳನ್ನು ಹಾಕಿದ. ಮಡಿಸಿದ ದುಪ್ಪಟಿ ಬೆನ್ನಿನಡಿ ಸೇರಿಸಿ ಎತ್ತುವುದನ್ನು ದೇವಿರಮ್ಮ ಇಬ್ಬರಿಗೂ ಕಲಿಸಿದರು. ನಾಗಮಣಿ ಮೊದಲು ಮುಖ ಕೊಡಲಿಲ್ಲ, ಆಮೇಲೆ ಕಲಿತಳು. ತಿಂಗಳಲ್ಲಿ ತೋಳಿನ ಗುರುತು ಮಾಸಿತು.

ಈಗಲೂ ಶಿವರಾಜು ಬಂದ ಕೂಡಲೇ ತಾಯಿಯ ರವಿಕೆ ತೋಳು ಸರಿಸಿ ನೋಡುತ್ತಾನೆ. ದೇವಿರಮ್ಮ ಬೇಸರಿಸಿಕೊಳ್ಳುವುದಿಲ್ಲ. ಅವನು ಎಲ್ಲ ಚಿತ್ರವನ್ನೂ ಅಳಿಸಿದನೆಂದು ಅವರೂ ಇನ್ನೂ ಪೂರ್ತಿ ನಂಬಿಲ್ಲ.