ಮೇಲಿಂದ ಕಲಿಸಿದ ಮಡಿಕೆ

ಅಗ್ರಹಾರದ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದು ಕೊಡುತ್ತಿದ್ದ ರುದ್ರಸ್ವಾಮಿಗೆ ಮದುವೆಯಾಗಿ ವರ್ಷ ತುಂಬುವುದರೊಳಗೆ ಹೆಂಡತಿ ಪ್ರೇಮಲೀಲಾಳಿಗೆ ಕ್ಷಯ ಅಂಟಿತು. ಅದು ಐವತ್ತನಾಲ್ಕನೆಯ ಇಸವಿ. ಊರಾಚೆಯ ಆಸ್ಪತ್ರೆಯ ಮಹಡಿ ವಾರ್ಡಿಗೆ ಸೇರಿಸಿದರು. ನೋಡಲು ಬಂದವರನ್ನು ಒಳಗೆ ಬಿಡುತ್ತಿರಲಿಲ್ಲ. ಭಾನುವಾರ ಸಂಜೆ ಅವನು ಕೆಳಗೆ ಅಂಗಳದಲ್ಲಿ ನಿಲ್ಲುವನು. ಅವಳು ಮೇಲೆ ವರಾಂಡದ ಮೋಟುಗೋಡೆಗೆ ಒರಗಿ ನಿಲ್ಲುವಳು.

“ಅವರ ಬಾಯಿ ತೆಗೆಸ್ಬೇಡಿ ಸ್ವಾಮಿ, ಕೆಮ್ಮು ಕಿತ್ಕೊಂಡು ಬತ್ತದೆ,” ಎಂದು ಆಯಾ ಭಾಗ್ಯಮ್ಮ ಮೊದಲ ದಿನವೇ ಹೇಳಿಬಿಟ್ಟಿದ್ದಳು.

ಹಾಗಾಗಿ ಮಾತೆಲ್ಲ ಅವನದೇ. “ಊಟ ಸೇರುತ್ತಾ? ಜ್ವರ ಇಳೀತಾ?” ಅಷ್ಟಕ್ಕೇ ಅವನ ಸರಕು ಮುಗಿಯುತ್ತಿತ್ತು.

ಒಂದು ಭಾನುವಾರ ಅವಳು ಕಾಗದದ ವಿಮಾನವೊಂದನ್ನು ಮೇಲಿಂದ ತೇಲಿಬಿಟ್ಟಳು. ಹಿಡಿಯಲು ಅವನು ಮಗುವಿನಂತೆ ಓಡಿದ.

“ಮುಟ್ಬೇಡಿ ಕಣ್ರೀ! ವಾರ್ಡಿಂದು ಅದು!” ಎನ್ನುತ್ತ ಭಾಗ್ಯಮ್ಮ ಅದನ್ನು ಕಡ್ಡಿಯಲ್ಲಿ ಎತ್ತಿ ಒಲೆಗೆ ಒಯ್ದಳು. ಪ್ರೇಮಲೀಲಾ ಕೈಸನ್ನೆ ಮಾಡಿದಳು: ಹಾಗಾದರೆ ನೀವೇ ಮಾಡಿ, ಇತ್ತ ಎಸೆಯಿರಿ.

ಅವನಿಗೆ ಬರುತ್ತಿರಲಿಲ್ಲ. ಮುಂದಿನ ವಾರ ಅಂಗಡಿಯ ದಪ್ಪ ಕಾಗದ ತಂದ. ಅವಳು ಮೇಲೊಂದು ಹಾಳೆ ಹಿಡಿದು ತೋರಿಸತೊಡಗಿದಳು. ಉದ್ದಕ್ಕೆ ಮಡಚಿ ಬಿಚ್ಚಿದಳು. ನಡುವೆ ಗೆರೆ ಬಿತ್ತು. ಮೇಲಿನ ಎರಡು ಮೂಲೆಗಳನ್ನು ಆ ಗೆರೆಗೆ ಕೂಡಿಸಿದಳು. ಓರೆಯಾದ ಅಂಚುಗಳನ್ನು ಇನ್ನೊಮ್ಮೆ ಗೆರೆಗೆ ತಂದಳು. ಅವನು ಕತ್ತೆತ್ತಿ ನೋಡುತ್ತ, ತನ್ನ ಕೈಯಲ್ಲಿನ ಹಾಳೆ ಕಾಣದೆ ಸೊಟ್ಟಗೆ ಮಡಚಿದ. ಅವಳು ತಲೆ ಅಲ್ಲಾಡಿಸಿದಳು. ಬಟ್ಟೆಯಾದರೆ ಒದರಿದರೆ ಸರಿಹೋಗುತ್ತದೆ. ಕಾಗದ ತಪ್ಪು ಗೆರೆಯನ್ನು ಬಿಡಲೊಲ್ಲದು. ಮತ್ತೊಂದು ಹಾಳೆ ತೆಗೆದ. ಕೊನೆಗೆ ಅವಳು ಎಲ್ಲವನ್ನೂ ನಡುಗೆರೆಯಲ್ಲಿ ಹೊರಮಗ್ಗುಲಿಗೆ ಎರಡಾಗಿ ಮಡಚಿ, ಎರಡು ರೆಕ್ಕೆ ಕೆಳಕ್ಕೆ ಬಾಗಿಸಿ, ಉಗುರಿನಿಂದ ತೀಡಿ ತೋರಿಸಿದಳು. ಅವನೂ ತೀಡಿದ.

ಎಸೆದ. ಅದು ಮೂತಿ ತಿರುವಿ ಕಾಬಾಳೆ ಗಿಡಗಳೊಳಗೆ ಬಿತ್ತು. ಅವಳು ಬಾಯಿಗೆ ಸೆರಗಿಟ್ಟು ನಕ್ಕಳು. ಅವಳ ನಗು ಕಂಡು ಎಷ್ಟು ಕಾಲವಾಗಿತ್ತೋ!

ಆಮೇಲಿನ ಭಾನುವಾರಗಳೆಲ್ಲ ಅದೇ ಕೆಲಸ. ಮೇಲಿಂದ ಕೆಳಕ್ಕೆ ತಾನಾಗಿ ಬರುವುದು ಕೆಳಗಿಂದ ಮೇಲಕ್ಕೆ ಹೋಗುತ್ತಿರಲಿಲ್ಲ. ಒಂದು ದಿನ ಮಾತ್ರ ಗಾಳಿಗೆ ಸಿಕ್ಕಿ ಮೋಟುಗೋಡೆಯವರೆಗೂ ಏರಿತು. ಅವಳು ಹಿಡಿಯಲು ಬಾಗಿದಳು. ಕೆಮ್ಮು ಬಂತು. ಗೋಡೆಯ ಹಿಂದೆ ಕುಸಿದವಳು ಕಾಣಿಸಲಿಲ್ಲ, ಕೆಮ್ಮಷ್ಟೇ ಕೇಳಿಸುತ್ತಿತ್ತು. “ಪ್ರೇಮಾ, ಪ್ರೇಮಾ” ಎಂದು ಅಂಗಳದಲ್ಲಿ ಅತ್ತಿತ್ತ ಓಡಾಡಿದ. ಮೆಟ್ಟಿಲ ಬಾಗಿಲಿಗೆ ಬೀಗ. ಕೆಮ್ಮು ನಿಂತಿತು. ಏಕೆ ನಿಂತಿತೆಂದು ಹೇಳುವವರಿಲ್ಲ. ಬಹಳ ಹೊತ್ತಿನ ಮೇಲೆ ಭಾಗ್ಯಮ್ಮ ಇಣುಕಿ, “ಮಲಗ್ಸಿದ್ದೀವಿ, ಹೋಗಿ ನೀವು,” ಎಂದಳು. ಅವನು ಮತ್ತೆ ವಿಮಾನ ಎಸೆಯಲಿಲ್ಲ.

ಸೂಜಿಮದ್ದು ಹತ್ತಿ ಮಾಘದ ಹೊತ್ತಿಗೆ ಅವಳು ಚೇತರಿಸಿಕೊಂಡಳು. ಮನೆಗೆ ಕರೆತರಲು ರುದ್ರಸ್ವಾಮಿ ಹೋದಾಗ ಮಾವ ಸಿದ್ದಮಲ್ಲಪ್ಪನವರು ಬಾಡಿಗೆ ಕಾರು ತಂದು ನಿಂತಿದ್ದರು.

“ನಿಮ್ಮ ಅಗ್ರಹಾರದ ಮನೇಲಿ ಗಾಳಿಯಿಲ್ಲ, ಬೆಳಕಿಲ್ಲ. ಡಾಕ್ಟ್ರೂ ಅದೇ ಅಂದ್ರು. ಒಂದಷ್ಟು ದಿನ ನಂಜನಗೂಡಲ್ಲಿ ನಮ್ಮ ಹತ್ರ ಇರ್ಲಿ ಕಣಪ್ಪ.”

ಮಾತಿನಲ್ಲಿ ಸುಳ್ಳಿರಲಿಲ್ಲ. ಪ್ರೇಮಲೀಲಾ ಗಂಡನ ಮುಖವನ್ನೇ ನೋಡಿದಳು. ಈಗ ಅವಳು ಮಾತಾಡಬಹುದಿತ್ತು. ಆದರೆ ಅವನು ಹೇಳಲೆಂದು ಕಾದಳು.

“ಆಗ್ಲಿ ಮಾವ,” ಎಂದ ರುದ್ರಸ್ವಾಮಿ.

ಅವಳು ಕಾರು ಹತ್ತಿದಳು. ಒಂದಷ್ಟು ದಿನ ಹೋಗಿ ವರ್ಷಗಳಾದವು. ಹಬ್ಬಕ್ಕೆ ಹೋಗಿ ಬರುತ್ತಿದ್ದ. ಅಳಿಯನೆಂದು ಚೆನ್ನಾಗಿಯೇ ಉಪಚರಿಸುತ್ತಿದ್ದರು. ಕರೆದುಕೊಂಡು ಹೋಗುತ್ತೇನೆ ಎಂಬ ಮಾತು ಮಾತ್ರ ಅವನ ಗಂಟಲಿನಿಂದ ಹೊರಡಲೇ ಇಲ್ಲ.