ಉಪ್ಪು ಹಿಡಿದ ಗಾದಿ

ಪರದೇಶಕ್ಕೆ ದುಡಿಯಲು ಹೋದವರು ವಯಸ್ಸಾದ ಮೇಲೆ ಊರಿಗೆ ಬರುತ್ತಾರೆ. ನನ್ನ ಗಂಡ ಬರಲಿಲ್ಲ. ನನ್ನನ್ನೇ ಅಲ್ಲಿಗೆ ಕರೆದರು.

ನಾವು ನರಗುಂದದ ಪಿಂಜಾರರು. ಹತ್ತಿ ಹಿಂಜಿ ಗಾದಿ, ತಲೆದಿಂಬು ಮಾಡುವುದು ಕಸುಬು. ಮಕ್ಕಳು ಸಣ್ಣವರಿದ್ದಾಗಲೇ ನನ್ನ ಗಂಡ ಸಮುದ್ರದ ನಡುವಿನ ಒಂದು ದ್ವೀಪಕ್ಕೆ ಹೋದರು. ಅಲ್ಲಿ ದೊಡ್ಡ ಹೋಟೆಲ್ಲಿನಲ್ಲಿ ಗಾದಿ, ಕುರ್ಚಿ ಮೆತ್ತೆ ಹೊಲಿಯುವ ಕೆಲಸ. ಒಂದು ರಂಜಾನ್ ಬಿಟ್ಟು ಒಂದು ರಂಜಾನಿಗೆ ಬರುತ್ತಿದ್ದರು. ಬಂದರೆ ಬೀಗರು ಬಂದಂಗ. ನಾನು ಮಾಡಿ ಹಾಕುವುದು, ಅವರು ಉಂಡು ಚಲೋ ಆಗೇದ ಅನ್ನುವುದು, ಮತ್ತೆ ಚೀಲ ಕಟ್ಟುವುದು. ಹೀಗೇ ಮಕ್ಕಳು ದೊಡ್ಡವರಾದರು, ಅವರ ಮದುವೆಗಳೂ ಆದವು. ಮಗ ಮನೆಯ ಮುಂದಿನ ನಮ್ಮ ಅಂಗಡಿಗೆ ಹತ್ತಿ ಹಿಂಜುವ ಮಷೀನು ತಂದ. ನಾನು ಅಂಗಡಿಯಲ್ಲೇ ಕುಳಿತು ಗಾದಿಗೆ ಹೊಲಿಗೆ ಹಾಕುತ್ತಿದ್ದೆ, ಬಂದವರ ಜೋಡಿ ಮಾತಾಡುತ್ತಿದ್ದೆ.

ಮೊಬೈಲು ಹೊಸದಾಗಿ ಬಂದ ಕಾಲ. ಮಗನ ಫೋನಿಗೆ ಅವರು ಮಾತಾಡಿದರು.

"ಹೋಟೆಲ್ಲಿನವರು ಸಾಕು ಅಂದಾರ. ಬಾಜೂಕಿನ ದ್ವೀಪದಾಗ ನನ್ನ ಗೆಳೆಯಾ ಒಂದು ಮನಿ ಕೊಟ್ಟಾನ. ನೀನೂ ಬಾ, ಇಲ್ಲೇ ಇದ್ದುಬಿಡೂಣು."

"ಅಲ್ಲಿ ಬಂದು ಏನ್ ಮಾಡೂದ್ರಿ?"

"ಏನೂ ಮಾಡೂದಿಲ್ಲ. ಅದಕ್ಕ ಕರಿಯಾಕತ್ತೀನಿ."

ಶಿರೋಳಕ್ಕೆ ಕೊಟ್ಟ ಮಗಳು ಕುಣಿದಾಡಿದಳು. "ಹೋಗ ಬೇ ಯವ್ವಾ, ಮಂದಿ ರೊಕ್ಕಾ ಕೊಟ್ಟು ಹೋಗ್ತಾರ ಅಂಥಲ್ಲಿಗೆ."

"ಮಂದಿ ನಾಕ ದಿನಾ ನೋಡಾಕ ಹೋಗ್ತಾರ. ಸಾಯೂತನಕಾ ಇರಾಕ ಯಾರ ಹೋಗ್ತಾರ?" ಅಂದೆ.

ಅಂದರೂ ಹೋದೆ. ಮೊದಲು ಒಂದು ವರ್ಷ ಇರಲು ಪರವಾನಗಿ ಸಿಕ್ಕಿತ್ತು. ವರ್ಷ ಮುಗಿಯುವುದರೊಳಗೆ ಇರುವವಳೋ ಹೋಗುವವಳೋ ಹೇಳಬೇಕಿತ್ತು. ಹೇಳಬೇಕಾದವಳು ನಾನೇ.

ನನ್ನ ಗಾದಿ ಸುತ್ತಿಕೊಂಡು ಹೋದೆ. ನಮ್ಮ ಕಡೆಯ ಹತ್ತಿ, ಮೇಲಿನ ಪಟ್ಟಾಪಟ್ಟಿ ಅರಿವೆ ಗಜೇಂದ್ರಗಡದ ಸಂತೆಯದು, ಹೊಲಿಗೆ ನನ್ನದು. ವಿಮಾನದ ಹತ್ತಿರ ಅದನ್ನು ತೂಗಿದರು, ಬಿಚ್ಚಿದರು, ಕೈ ಹಾಕಿ ನೋಡಿದರು, ಮತ್ತೆ ಕಟ್ಟಲು ನನಗೇ ಬಿಟ್ಟರು. ದೋಣಿ ಇಳಿದಾಗ ಅವರು ದಂಡೆಯಲ್ಲಿ ನಿಂತಿದ್ದರು. ಹಲ್ಲು ಎರಡು ಹೋಗಿದ್ದವು.

"ಅಲ್ಲಾ, ಗಾದಿ ಮಾಡಾಂವನ ಮನಿಗೆ ಗಾದಿ ಹೊತ್ಕೊಂಡು ಬಂದೀಯಲ್ಲ!"

"ನಿಮ್ಮದು ಸ್ಪಂಜಿಂದು ಅಂತ ಕೇಳೀನ್ರಿ."

ಅವರು ನಕ್ಕು ಗಾದಿಯನ್ನು ಹೆಗಲಿಗೆ ಹಾಕಿಕೊಂಡರು.

ದ್ವೀಪದ ಬಗ್ಗೆ ಹೇಳು ಅಂತ ಮೊಮ್ಮಕ್ಕಳು ಕೇಳುತ್ತಾರೆ. ಏನು ಹೇಳುವುದು? ಬೆಳವಣಕಿಯ ನನ್ನ ತವರಿನ ಹೊಲ ಅದಕ್ಕಿಂತ ಉದ್ದ ಇತ್ತು. ಬಿಳಿ ಉಸುಕು, ತೆಂಗಿನ ಗಿಡ, ಯಾವ ಕಡೆ ಹೊರಳಿದರೂ ನೀರು. ಗದ್ದಲ ಇಲ್ಲ. ಎತ್ತಿಲ್ಲ, ಬಂಡಿಯಿಲ್ಲ, ಯಾರೂ ಯಾರನ್ನೂ ಒದರಿ ಕರೆಯುವುದಿಲ್ಲ. ಮುಂಜಾನೆ ಹೆಣ್ಣುಮಕ್ಕಳು ತೆಂಗಿನ ಕಡ್ಡಿಯ ಕಸಬರಿಗೆ ಹಿಡಿದು ಓಣಿ ಕಸ ಹೊಡೆಯುತ್ತಿದ್ದರು. ನಾನೂ ಹೋದೆ. ನಮ್ಮ ಕಡೆ ಧೂಳು ಏಳಬಾರದು ಅಂತ ಮೊದಲು ನೀರು ಚಿಮುಕಿಸುತ್ತೇವಲ್ಲ, ಹಂಗೇ ಚಿಮುಕಿಸಿದೆ. ಮಳೆನೀರು ಹಿಡಿದು ಕುಡಿಯುವ ಊರದು. ಬಾಜೂಮನೆಯಾಕೆ ನನ್ನ ಕೈಯಿಂದ ತಂಬಿಗೆ ಕಸಿದುಕೊಂಡಳು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ಬಯ್ದಳೋ ಏನೋ, ಅವಳ ಮಾತು ನನಗೆ ಬರುತ್ತಿರಲಿಲ್ಲ. ಅವರು ಮನೆಯೊಳಗಿಂದಲೇ ಅವಳಿಗೆ ಏನೋ ಅಂದರು, ಇಬ್ಬರೂ ನಕ್ಕರು. ಆ ಭಾಷೆಯಲ್ಲಿ ನನ್ನ ಗಂಡ ಭಾಳ ಮಾತಾಡುತ್ತಿದ್ದರು. ಕನ್ನಡದಲ್ಲಿ ಉಣ್ಣೂಣೇನು, ಮಲಗೂಣೇನು, ಅಷ್ಟೇ.

ಮಳೆಗಾಲ ಮುಗಿಯುವ ಹೊತ್ತಿಗೆ ಗಾದಿ ಭಾರವಾಯಿತು. ನಮ್ಮ ಮನೆಗಳಲ್ಲಿ ವರ್ಷಕ್ಕೊಮ್ಮೆ ಗಾದಿ ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹರವಿ, ಕೋಲಿನಿಂದ ಬಡಿದು ಮತ್ತೆ ತುಂಬುತ್ತೇವೆ. ಅವರು ಮಸೀದಿಗೆ ಹೋದಾಗ ನಾನು ಹೊಲಿಗೆ ಬಿಚ್ಚಿದೆ. ದಂಡೆಯ ಉಸುಕಿನ ಮೇಲೆ ಅರಿವೆ ಹಾಸಿ ಹತ್ತಿ ಹರವಿದೆ. ಬಿಸಿಲು ಚಲೋ ಇತ್ತು. ಹತ್ತಿ ಅರಳಿತು. ಬಡಿಯುತ್ತ ಕುಳಿತೆ. ಅಲ್ಲಿಗೆ ಹೋದ ಮೇಲೆ ಅವತ್ತು ಒಂದು ದಿನ ಮಾಡಿದ್ದು ಕೆಲಸ ಅನ್ನಿಸಿತು.

ಅವರು ಬಂದವರು ದೂರದಿಂದಲೇ ಒದರಿದರು. "ಏ, ತಗೀ ಅದನ್ನ! ಲಗೂ ತಗೀ!"

"ಅರಿವಿ ಹಾಸೀನ್ರಿ, ಉಸುಕು ಹತ್ತಿಲ್ಲ."

"ಉಸುಕಲ್ಲ, ಗಾಳ್ಯಾಗ ಉಪ್ಪದ. ಇನ್ನ ಈ ಹತ್ತಿ ಆರಂಗಿಲ್ಲ."

ಖರೇ ಆಯಿತು. ತುಂಬಿ ಹೊಲಿದೆ. ಹಗಲು ಬಿಸಿಲಿಗಿಟ್ಟರೆ ಒಣಗಿದಂಗ ಕಾಣುತ್ತಿತ್ತು, ಸಂಜಿ ಆಗುತ್ತಲೂ ಒಳಗೆ ತಂಪು ಹಿಡಿಯುತ್ತಿತ್ತು. ಉಪ್ಪು ನೀರು ಎಳೆಯುತ್ತದೆ, ಅದು ನನಗೂ ಗೊತ್ತು. ಹತ್ತಿಯ ಜೋಡಿ ಗೊತ್ತಿರಲಿಲ್ಲ. ಹಸಿ ಗಾದಿಯ ಮೇಲೆಯೇ ಮಲಗಿದೆ. ಬೆನ್ನು ಹಿಡಿಯಿತು.

"ಸ್ಪಂಜಿನ ಮ್ಯಾಲೆ ಮಲಗ," ಅಂದರು. "ಹಟಾ ಯಾರಿಗೆ ತೋರಸ್ತಿ? ನಾನೂ ಮೊದಲನೇ ವರ್ಷ ಹಿಂಗ ಮಾಡಿದ್ದೆ. ಊರಾಗ ನೀ ಒಂದು ಗಾದಿ ಹೊಲದು ಕೊಟ್ಟಿದ್ದಿ, ನೆನಪದ ಏನು? ಅದನ್ನ ದಂಡ್ಯಾಗ ಹರವಿದ್ದೆ. ಕಡೀಕ ಸಮುದ್ರಕ್ಕ ಒಗದೆ."

"ಹೇಳಲೇ ಇಲ್ಲಲ್ರಿ."

"ನಾ ಊರಿಗೆ ಬಂದಾಗ ನೀ ಕೇಳಲಿಲ್ಲ."

ನಾನು ಕೇಳಿರಲಿಲ್ಲ ಅನ್ನುವುದೂ ಖರೇ. ಗಾದಿ ಏನಾಯಿತು ಅಂತ ಯಾವ ಹೆಂಡತಿ ಕೇಳುತ್ತಾಳೆ? ಹಸಿ ಹತ್ತಿಯ ಮೇಲೆ ಅವರು ಎಷ್ಟು ದಿನ ಮಲಗಿದ್ದರು ಅಂತ ಆಗಲೂ ಕೇಳಲಿಲ್ಲ. ಕೇಳಬೇಕು ಅನ್ನಿಸಬೇಕಿತ್ತೇನೋ. ಅನ್ನಿಸಲಿಲ್ಲ. ದುಃಖವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೆ ಗೊತ್ತಾಗುವುದಿಲ್ಲವಲ್ಲ, ಹಂಗಿತ್ತು.

ಪರವಾನಗಿ ಮುಗಿಯಲು ಬಂತು. ಉಂಡು ಕುಳಿತಾಗ ಕೇಳಿದರು. "ಏನ್ ಮಾಡ್ತಿ?"

"ಹೋಗ್ತೀನ್ರಿ."

"ಯಾಕ? ನಾ ನಿನಗ ಒಂದ ಮಾತು ಬೈದೀನೇನು?"

"ಇಲ್ರಿ."

"ಉಣ್ಣಾಕ ಕಡಿಮಿ ಆಗೇದೇನು?"

"ಇಲ್ರಿ. ನೀವೂ ಬರ್ರಿ ಊರಿಗೆ. ಅಂಗಡಿ ಅದ, ಮಗಾ ಅದಾನ."

"ನರಗುಂದದಾಗ ನನ್ನ ಗುರ್ತಾ ಹಿಡಿಯವರು ಯಾರ ಉಳದಾರ? ಸಂಜಿಕೆ ಯಾರ ಬಾಜೂಕ ಹೋಗಿ ಕೂಡ್ಲಿ ನಾ?"

"ನನಗ ಇಲ್ಲಿ ಯಾರ ಅದಾರ್ರಿ?"

"ನಾ ಇಲ್ಲೇನು?" ಅಂದರು.

ಅವರ ಮುಖ ನೋಡಿದೆ. ಕೆಟ್ಟ ಮನುಷ್ಯ ಅಲ್ಲ. ನನ್ನ ಗಾದಿ ಹೆಗಲ ಮೇಲೆ ಹೊತ್ತು ತಂದವರು. ಇದ್ದೀರಿ ಅಂತ ಬಾಯಲ್ಲಿ ಅಂದರೆ ಮುಗಿಯುತ್ತಿತ್ತು, ನಾನು ಅಲ್ಲೇ ಉಳಿಯುತ್ತಿದ್ದೆ. ತಾಟು ತೊಳೆಯಲು ಎದ್ದು ಹೋದೆ. ಅವರು ಮತ್ತೆ ಕೇಳಲಿಲ್ಲ.

ಹೊರಡುವ ದಿನ ಚೀಲ ಅವರೇ ಹಿಡಿದರು. ಗಾದಿ ಅಲ್ಲೇ ಬಿಟ್ಟೆ. ದೋಣಿ ಹತ್ತುವಾಗ, "ಮುಟ್ಟಿದ ಕೂಡ್ಲೆ ಫೋನ್ ಹಚ್ಚು," ಅಂದರು. ಹೂಂ ಅಂದೆ.

ನರಗುಂದಕ್ಕೆ ಮುಟ್ಟಿದಾಗ ಬಸ್‌ಸ್ಟ್ಯಾಂಡಿನ ಧೂಳು ಮೂಗಿಗೆ ಬಡಿಯಿತು. ಮಗಳು ಶಿರೋಳದಿಂದ ಬಂದು ಮನೆಯಲ್ಲಿ ಕುಳಿತಿದ್ದಳು.

"ಅಪ್ಪನ್ನ ಒಬ್ಬನ್ನ ಬಿಟ್ಟು ಬಂದ್ಯಾ? ಏನಂದಾ ಅಂವಾ?"

"ಫೋನ್ ಹಚ್ಚು ಅಂದ್ರು."

ಅವಳೇ ಹಚ್ಚಿ ಕೊಟ್ಟಳು. ಮುಟ್ಟಿದೆ ಅಂದೆ. ಚಲೋ ಆತು ಅಂದರು. ಅವರ ಕಡೆ ಗಾಳಿ ಬೀಸುವುದು ಕೇಳುತ್ತಿತ್ತು. ನಾನು ಫೋನನ್ನು ಮಗಳ ಕೈಗೆ ಕೊಟ್ಟೆ. ಅವಳು ಕಿವಿಗೆ ಹಿಡಿದು ನೋಡಿದಳು.

"ಅಪ್ಪ ಇನ್ನೂ ಇಟ್ಟಿಲ್ಲ ಬೇ," ಅಂದಳು.

"ಇಡ್ತಾರ ಬಿಡು," ಅಂದೆ.

ಅಂಗಡಿಯಲ್ಲಿ ಯಾರೋ ತಲೆದಿಂಬು ಕೇಳಿಕೊಂಡು ಬಂದಿದ್ದರು. ಹೊರಗೆ ಹೋದೆ.