ಮಂಚದ ಕೆಳಗಿನ ಜಾಗ

ನಾಯಿ ಆಕಳಿಸಿದರೆ ಅದಕ್ಕೆ ನಿದ್ದೆ ಬಂದಿದೆ ಎಂದೇ ನಾನು ಬಹುಕಾಲ ನಂಬಿದ್ದೆ. ನಮ್ಮ ಆಫೀಸಿನಲ್ಲಿ ಆಕಳಿಕೆಗೆ ಬೇರೆ ಅರ್ಥವಿರಲಿಲ್ಲ.

ಎಂಬತ್ತರ ದಶಕದಲ್ಲಿ ನಾವು ಬೊಂಬಾಯಿಯ ಅಂಧೇರಿಯಲ್ಲಿದ್ದೆವು. ಒಂದು ಹಾಲ್, ಒಂದು ರೂಮು, ಅಡುಗೆಮನೆ. ನಾನು, ಹೆಂಡತಿ ವಿಮಲ, ಮೋತಿ ಎಂಬ ನಾಯಿ. ಇದು ಜನಗಣತಿಯವರಿಗೆ ಹೇಳುವ ಲೆಕ್ಕ. ಏರ್‌ಪೋರ್ಟ್ ಹತ್ತಿರವಿದ್ದದ್ದರಿಂದ ಮೈಸೂರಿನ ನೆಂಟರು ದುಬೈಗೆ ಹೋಗುವಾಗ, ಬರುವಾಗ, ಹೋಗುವುದೋ ಬೇಡವೋ ಎಂದು ಯೋಚಿಸುವಾಗ ನಮ್ಮಲ್ಲೇ ಇಳಿದುಕೊಳ್ಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಮೋತಿ ಇದ್ದಕ್ಕಿದ್ದಂತೆ ಬಹಳ ಸಭ್ಯನಾದ. ಬೊಗಳುವುದು ಬಿಟ್ಟ. ಬಾಲ ಮುದುರಿಕೊಂಡು ಗೋಡೆ ಪಕ್ಕದಲ್ಲೇ ನಡೆಯುತ್ತಿದ್ದ. ತಲೆ ಸವರಿದರೆ ಮುಖ ತಿರುಗಿಸಿ ತುಟಿ ನೆಕ್ಕಿಕೊಳ್ಳುತ್ತಿದ್ದ. ಹಸಿವೆಂದು ಉಪ್ಪಿಟ್ಟು ಹಾಕಿದರೆ ಮೂಸಿಯೂ ನೋಡುತ್ತಿರಲಿಲ್ಲ.

"ಎಷ್ಟು ವಿನಯ ನೋಡೋ ಇದಕ್ಕೆ! ಚಿಕ್ಕಂದಿನಲ್ಲಿ ನಿನಗೂ ಇಷ್ಟಿರಲಿಲ್ಲ," ಎಂದರು, ಆಗ ನಮ್ಮಲ್ಲಿ ತಂಗಿದ್ದ ಚಿಕ್ಕಪ್ಪ. ನಾನು ಹೆಮ್ಮೆಪಟ್ಟೆ.

ಮೋತಿ ಹಾಲನ್ನೂ ಬಿಟ್ಟಾಗ ವಿಮಲ ಅಳತೊಡಗಿದಳು. ಬಾಂದ್ರಾದ ನಾಯಿ ಡಾಕ್ಟರಮ್ಮನ ಮುಂದೆ ನಿಲ್ಲಿಸಿದೆವು. ಮೋತಿ ಆಕಳಿಸಿದ.

"ನೀಂದ್ ನಹೀಂ, ಟೆನ್ಶನ್ ಹೈ ಇಸ್‌ಕೋ," ಎಂದರು ಅವರು. ನಿದ್ದೆಯಲ್ಲ, ಆತಂಕ. ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಬಾಲ ಮುದುರುವುದು, ಎಲ್ಲವೂ ಅದೇ ಅಂತೆ. ನಾವು ವಿನಯವೆಂದುಕೊಂಡದ್ದು ಪೂರ್ತಿ ಭಯ. ಪಾಪ, ತನಗೆ ತಿಳಿದ ಭಾಷೆಯಲ್ಲಿ ದಿನವೂ ಹೇಳುತ್ತಲೇ ಇದ್ದ.

ಡಾಕ್ಟರಮ್ಮ ಗುಳಿಗೆ ಬರೆಯಲಿಲ್ಲ. ಮನೆಯಲ್ಲಿ ಅವನದೇ ಅಂತ ಒಂದು ಜಾಗ ಬಿಡಿ, ಅಲ್ಲಿರುವಾಗ ಯಾರೂ ಕರೆಯಬಾರದು, ಮುಟ್ಟಬಾರದು ಎಂದರು. ಬೊಂಬಾಯಿಯಲ್ಲಿ ಇದಕ್ಕಿಂತ ದುಬಾರಿ ಔಷಧಿ ಇಲ್ಲ.

ರೂಮಿನ ಮಂಚದ ಕೆಳಗಿದ್ದ ನೆಂಟರ ಟ್ರಂಕುಗಳನ್ನು ಬಾಲ್ಕನಿಗೆ ಸಾಗಿಸಿ, ಕಂಬಳಿ ಹಾಸಿ, ಕಾನೂನು ಜಾರಿಗೆ ತಂದೆವು. ಅಲ್ಲಿ ಮಲಗಿರುವ ನಾಯಿಯನ್ನು ಮಾತಾಡಿಸಬಾರದೆಂದು ಚಿಕ್ಕಪ್ಪನಿಗೂ ತಿಳಿಸಿದೆ. ಅವರು ಮಾಟುಂಗದ ಇನ್ನೊಬ್ಬ ನೆಂಟರ ಮನೆಗೆ ಹೊರಟೇಬಿಟ್ಟರು. ಮೋತಿ ಮೆಲ್ಲಗೆ ಹಾಲು ಕುಡಿಯತೊಡಗಿದ. ಕೆಲವು ದಿನಗಳಲ್ಲಿ ಪೋಸ್ಟ್‌ಮ್ಯಾನ್ ಮೇಲೆ ಜೋರಾಗಿ ಬೊಗಳಿದ. ವಿಮಲ ಅಂದು ಪಾಯಸ ಮಾಡಿದಳು.

ಆಮೇಲೊಂದು ಶನಿವಾರ ಆಫೀಸಿನಿಂದ ಬೇಗ ಬಂದೆ. ಹಾಲ್‌ನಲ್ಲಿ ಹೊಸ ನೆಂಟರ ಒಂದು ತಂಡವೇ ಫ್ಯಾನಿನ ಕೆಳಗೆ ಕೂತಿತ್ತು. ಮೋತಿ ಅವರ ನಡುವೆ ಆರಾಮಾಗಿ ಕಾಲು ಚಾಚಿ ಮಲಗಿದ್ದ.

"ವಿಮಲ ಆಗಲೇ ಒಳಗೆ ಹೋದಳಪ್ಪ, ಕಾಫಿ ಇನ್ನೂ ಬರಲಿಲ್ಲ," ಎಂದರು ಒಬ್ಬರು.

ಅಡುಗೆಮನೆಯಲ್ಲಿ ಅವಳಿರಲಿಲ್ಲ. ರೂಮಿಗೆ ಹೋಗಿ ಬಗ್ಗಿ ನೋಡಿದೆ. ಮಂಚದ ಕೆಳಗೆ, ಕಂಬಳಿಯ ಮೇಲೆ ಮಲಗಿದ್ದಳು. ಕಣ್ಣು ಮುಚ್ಚಿತ್ತು, ನಿದ್ದೆ ಬಂದಿರಲಿಲ್ಲ.

ನಾನು ಕರೆಯಲಿಲ್ಲ, ಮುಟ್ಟಲಿಲ್ಲ. ಸದ್ದಿಲ್ಲದೆ ಬಾಗಿಲು ಮುಂದೆ ಮಾಡಿ, ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟೆ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ತಿಳಿದಿದ್ದವಳು ಅವಳೊಬ್ಬಳೇ. ಆ ದಿನ ನೆಂಟರು ಸಕ್ಕರೆಯಿಲ್ಲದ ಕಾಫಿ ಕುಡಿದರು.